ಗಡುವಿನೊಳಗೆ ಸಿಮ್ಯುಲೇಶನ್ ಮುಗಿಸಲು: ಹಂಚಿಕೆಯ ಕ್ಲಸ್ಟರೋ, ಕ್ಲೌಡೋ?

ಪ್ರೋಟೀನ್ ಅಣುಗಳ ಚಲನೆಯನ್ನು ಗ್ರೋಮ್ಯಾಕ್ಸ್ ಎಂಬ ತಂತ್ರಾಂಶದಲ್ಲಿ ಲೆಕ್ಕ ಹಾಕುವ ಒಂದೇ ಕೆಲಸವನ್ನು ಸಂಶೋಧನಾ ಕೇಂದ್ರದ ಹಂಚಿಕೆಯ ಕ್ಲಸ್ಟರ್‌ನಲ್ಲಿ (ಹಲವರು ಬಳಸುವ, ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಸಮೂಹ), ಕ್ಲೌಡಿನಲ್ಲಿ ಬೇಕೆಂದಾಗ ಬಾಡಿಗೆಗೆ ಪಡೆಯುವ ಆನ್-ಡಿಮಾಂಡ್ ಯಂತ್ರಗಳಲ್ಲಿ ಮತ್ತು ಕ್ಲೌಡ್ ಕಂಪನಿ ನಡುವೆಯೇ ಮರಳಿ ಪಡೆಯಬಹುದಾದ ಅಗ್ಗದ ಸ್ಪಾಟ್ ಯಂತ್ರಗಳಲ್ಲಿ ನಡೆಸಿ ನೋಡಿದ್ದೇನೆ. ಗಡುವು ಹತ್ತಿರವಾದಾಗ ಯಾವುದು ಎಷ್ಟು ವೇಗವಾಗಿ ಓಡುತ್ತದೆ ಎನ್ನುವುದಕ್ಕಿಂತ, ಯಾವುದು ಯಾವಾಗ ಶುರುವಾಗುತ್ತದೆ ಎನ್ನುವುದೇ ಮುಖ್ಯವಾಗುತ್ತದೆ.

ಕ್ಲಸ್ಟರ್‌ನ ಸರದಿಯನ್ನು ಸ್ಲರ್ಮ್ ಎಂಬ ತಂತ್ರಾಂಶ ನಿರ್ವಹಿಸುತ್ತಿದ್ದರೆ, ನಾವು ಈಗಾಗಲೇ ಬಳಸಿದ ಗಂಟೆಗಳು ನಮ್ಮ ಆದ್ಯತೆಯನ್ನು ತಗ್ಗಿಸಬಹುದು. ಆ ಬಳಕೆಯ ಲೆಕ್ಕ ಅರ್ಧಕ್ಕೆ ಇಳಿಯುವ ಅವಧಿ, ಕೇಂದ್ರದವರು ಬದಲಿಸದಿದ್ದರೆ, 7 ದಿನ. ಆದ್ದರಿಂದ ಹಿಂದಿನ ವಾರ ಪರೀಕ್ಷಾ ಓಟಗಳಿಗೆ ಧಾರಾಳವಾಗಿ ಸುರಿದ ಗಂಟೆಗಳ ಅರ್ಧ ಭಾರ ನಿಜವಾದ ಓಟದ ಹೊತ್ತಿಗೂ ಉಳಿದಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ಉತ್ತಮ ಉಪಾಯವೆಂದರೆ ಉದ್ದದ ಕೆಲಸವನ್ನು ತುಂಡು ಮಾಡುವುದು. 24 ಗಂಟೆ ಕೇಳಿದ ಕೆಲಸ ಸರದಿಯಲ್ಲೇ ಕುಳಿತಿರುವಾಗ, 4 ಗಂಟೆ ಕೇಳಿದ ಕೆಲಸ ದೊಡ್ಡ ಕೆಲಸಗಳ ನಡುವೆ ಖಾಲಿ ಬಿದ್ದ ನೋಡ್‌ಗಳಿಗೆ (ಕ್ಲಸ್ಟರ್‌ನ ಒಂದೊಂದು ಕಂಪ್ಯೂಟರ್) ನುಸುಳಿಬಿಡುತ್ತದೆ. ಗ್ರೋಮ್ಯಾಕ್ಸ್‌ಗೆ ಗರಿಷ್ಠ ಸಮಯವನ್ನು ತಿಳಿಸಿದರೆ, ಅದರ ಶೇ. 99ರಷ್ಟು ಕಳೆಯುತ್ತಲೇ ಅದು ಚೆಕ್‌ಪಾಯಿಂಟ್, ಅಂದರೆ ಅಲ್ಲಿವರೆಗಿನ ಸ್ಥಿತಿಯನ್ನು ಉಳಿಸಿಡುವ ಕಡತ, ಬರೆದು ತಾನಾಗಿಯೇ ನಿಲ್ಲುತ್ತದೆ, ಮುಂದಿನ ತುಂಡು ಅಲ್ಲಿಂದಲೇ ಮುಂದುವರಿಯುತ್ತದೆ.

ಸ್ಪಾಟ್ ಯಂತ್ರಗಳ ಬೆಲೆ ಆಕರ್ಷಕವೇ ಸರಿ, ಆದರೆ ಅವನ್ನು ಮರಳಿ ಪಡೆಯುವ ಮುನ್ನ ಅಮೆಜಾನ್ 2 ನಿಮಿಷದ, ಗೂಗಲ್ 30 ಸೆಕೆಂಡಿನ ಸೂಚನೆಯನ್ನಷ್ಟೇ ಕೊಡುತ್ತವೆ. ಗ್ರೋಮ್ಯಾಕ್ಸ್ ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಬರೆಯುವುದರಿಂದ, ಕಡತಗಳು ಯಂತ್ರದ ಹೊರಗಿನ ಸಂಗ್ರಹದಲ್ಲಿದ್ದರೆ ಕಳೆದುಹೋಗುವ ಕೆಲಸ ಅಲ್ಪವೇ. ಬೇಡಿಕೆ ಏರಿದಾಗ ಮತ್ತೊಂದು ಯಂತ್ರ ಸಿಗದಿರುವುದೇ ನಿಜವಾದ ತೊಂದರೆ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಚಿಕ್ಕ ಓಟಗಳಿಗೆ ಇವು ಒಪ್ಪುತ್ತವೆ, ಕೊನೆಯ ದಿನಗಳಿಗೆ ಖಂಡಿತ ಅಲ್ಲ.

ಆನ್-ಡಿಮಾಂಡ್ ದುಬಾರಿ. ಹಲವು ನೋಡ್‌ಗಳಿಗೆ ಹರಡುವ ಕೆಲಸವಾದರೆ ವೇಗದ ಜಾಲವಿರುವ ಯಂತ್ರಗಳನ್ನೇ ಆರಿಸಬೇಕು. ಆದರೂ ಒಮ್ಮೆ ಯಂತ್ರ ಸಿಕ್ಕಿತೆಂದರೆ ಕೆಲಸ ಯಾವಾಗ ಮುಗಿಯುತ್ತದೆಂದು ನಂಬಿಕೆಯಿಂದ ಹೇಳಬಹುದು.

ಹಾಗಾಗಿ ನನ್ನ ಮೊದಲ ಆಯ್ಕೆ ತುಂಡು ಮಾಡಿದ ಕೆಲಸಗಳೊಂದಿಗೆ ಹಂಚಿಕೆಯ ಕ್ಲಸ್ಟರೇ. ಕೆಲಸವನ್ನು ಸಲ್ಲಿಸದೆಯೇ ಅದು ಯಾವಾಗ ಶುರುವಾಗಬಹುದೆಂದು ಸ್ಲರ್ಮ್ ಅಂದಾಜು ಹೇಳುತ್ತದೆ. ಹೆಚ್ಚಿನ ಆದ್ಯತೆಯ ಕೆಲಸ ಬಂದರೆ ಆ ಅಂದಾಜು ಬದಲಾಗುವುದರಿಂದ, ಅಂದಾಜಿನ ಕಾಯುವಿಕೆ ಗಡುವಿಗೆ ಉಳಿದಿರುವ ಅವಧಿಯ ಅರ್ಧವನ್ನು ದಾಟಿದ ಕೂಡಲೇ ನಾನು ಆನ್-ಡಿಮಾಂಡ್‌ಗೆ ಹೋಗುತ್ತೇನೆ. ಕ್ಲೌಡಿನ ಜಿಪಿಯು ಕೋಟಾಕ್ಕೆ (ಲೆಕ್ಕವನ್ನು ವೇಗಗೊಳಿಸುವ ಜಿಪಿಯು ಚಿಪ್‌ಗಳನ್ನು ಎಷ್ಟು ಬಳಸಬಹುದೆಂಬ ಮಿತಿ) ಮಾತ್ರ ಕ್ಲಸ್ಟರ್‌ನಲ್ಲಿ ಮೊದಲ ಕೆಲಸ ಸಲ್ಲಿಸುವ ದಿನವೇ ಅರ್ಜಿ ಹಾಕಿರಬೇಕು, ಏಕೆಂದರೆ ಆ ಮಂಜೂರಾತಿಗೂ ಕಾಯಬೇಕಾಗಬಹುದು.