ಮಡಚುವ ಹೆಡರಾ, ಟ್ರೇಲರ್ ಮೇಲಿನ ಹೆಡರಾ? ಎರಡನ್ನೂ ರಸ್ತೆಯಲ್ಲಿ ಓಡಿಸಿ ನೋಡಿದ ಮೇಲೆ

ಕಂಬೈನ್ ಹಾರ್ವೆಸ್ಟರ್ ಹೊಲದಲ್ಲಿ ಎಷ್ಟು ಅಗಲ ಇದ್ದರೂ ಒಳ್ಳೆಯದೇ. ರಸ್ತೆಗೆ ಇಳಿದ ಕೂಡಲೇ ಅದೇ ಅಗಲ ತಲೆನೋವು. 6 ಮೀಟರ್ ಹೆಡರ್ (ಮುಂದೆ ಬೆಳೆ ಕೊಯ್ದು ಒಳಗೆ ಕೊಡುವ ಭಾಗ) ಹಾಕಿಕೊಂಡು ಹೊರಟರೆ ಎರಡೂ ಕಡೆಯ ಲೇನ್ ಮುಚ್ಚಿಹೋಗುತ್ತದೆ. ಯುರೋಪಿನಲ್ಲಿ ಸಾಮಾನ್ಯ ವಾಹನಗಳ ಅಗಲಕ್ಕೆ 2.55 ಮೀಟರ್ ಮಿತಿ ಇದೆ. ಜರ್ಮನಿಯಂಥ ದೇಶ ಕೃಷಿ ಉಪಕರಣಗಳಿಗೆ 3 ಮೀಟರ್‌ವರೆಗೆ ಬಿಡುತ್ತದೆ, ಅದಕ್ಕಿಂತ ಜಾಸ್ತಿಯಾದರೆ ವಿಶೇಷ ಅನುಮತಿ ಬೇಕು. ಹಾಗಾಗಿ ಹೆಡರ್ ವಿನ್ಯಾಸ ಮಾಡುವವರ ತಲೆಯಲ್ಲಿ 3 ಮೀಟರ್ ಅನ್ನುವ ಅಂಕಿ ಯಾವಾಗಲೂ ಕೂತಿರುತ್ತದೆ.

ಈ 3 ಮೀಟರ್ ಒಳಗೆ ಬರಲು ಮೂರು ದಾರಿ. ಹೆಡರ್ ಬಿಚ್ಚಿ ಟ್ರೇಲರ್ ಮೇಲಿಟ್ಟು ಹಿಂದೆ ಎಳೆಯುವುದು ಒಂದು. ಹೆಡರ್ ಅನ್ನೇ ಮಡಚಿ ಮುಂದೆಯೇ ಇಟ್ಟುಕೊಳ್ಳುವುದು ಇನ್ನೊಂದು. ಹೆಡರ್‌ಗೇ ಚಕ್ರ ಕೊಟ್ಟು ಉದ್ದಕ್ಕೆ ತಿರುಗಿಸಿ ಎಳೆಯುವುದು ಮೂರನೆಯದು. ಮೂರನ್ನೂ ಓಡಿಸಿ ನೋಡಿದ್ದೇನೆ. ಮಡಚುವ ಕೀಲನ್ನು ನಮ್ಮ ವರ್ಕ್‌ಶಾಪ್‌ನಲ್ಲಿ ಬೇರೆ ಬೇರೆ ರೀತಿಯಲ್ಲಿ ಕಟ್ಟಿಯೂ ನೋಡಿದ್ದೇವೆ. ಹಾಗಾಗಿ ಈ ಬರಹ ಅದರ ಕಡೆಗೇ ವಾಲುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಂತ್ರದ ಕೆಲಸ ಎಲ್ಲಿ ತಾನಾಗಿಯೇ ತುಂಡಾಗಿದೆಯೋ ಅಲ್ಲಿ ಮಡಚಿದರೆ ಗೆಲ್ಲುತ್ತೀರಿ. ಒಂದೇ ಉದ್ದಕ್ಕೆ ಹರಿಯುವ ಕೆಲಸವನ್ನು ಬಲವಂತವಾಗಿ ಮುರಿದು ಮಡಚಲು ಹೋದರೆ ಪ್ರತಿ ಸೀಸನ್ ಅದರ ಹಿಂದೆಯೇ ಓಡಬೇಕು. ಅಂಥ ಕಡೆ ಟ್ರೇಲರ್ ಎಷ್ಟೋ ವಾಸಿ.

ಮೊದಲು ಟ್ರೇಲರ್. ಇದರ ದೊಡ್ಡ ಗುಣ ಅಂದರೆ ಹೆಡರ್ ಒಂದೇ ಗಟ್ಟಿ ಚೌಕಟ್ಟಾಗಿ ಉಳಿಯುತ್ತದೆ. ಕೀಲು ಇಲ್ಲ, ಲಾಕ್ ಇಲ್ಲ, ಮಧ್ಯೆ ಸವೆಯುವ ಬುಶ್ (ಪಿನ್ ಕೂರುವ ಬಳೆ) ಇಲ್ಲ. ಅದೇ ಅಗಲದ ಮಡಚುವ ಹೆಡರ್‌ಗಿಂತ ತೂಕ ಕಡಿಮೆ. ಹೊಲದಲ್ಲಿ ಕಟಾವಿನ ಎತ್ತರ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಬರುತ್ತದೆ. ಕಂಬೈನ್ ಮುಂದೆ ಖಾಲಿ ಇರುವುದರಿಂದ ಡ್ರೈವರ್‌ಗೆ ರಸ್ತೆ ಚೆನ್ನಾಗಿ ಕಾಣುತ್ತದೆ.

ಕಷ್ಟ ಇರುವುದು ಉದ್ದದಲ್ಲಿ. ಕಂಬೈನ್ ದೇಹವೇ 8-9 ಮೀಟರ್. ಅದರ ಹಿಂದೆ 9 ಮೀಟರ್ ಹೆಡರ್ ಹೊತ್ತ ಟ್ರೇಲರ್, ಜೊತೆಗೆ ಎಳೆಯುವ ದಂಡ. ಒಟ್ಟು 20 ಮೀಟರ್ ಹತ್ತಿರ ಬರುತ್ತದೆ. ಯುರೋಪಿನಲ್ಲಿ ಲಾರಿ ಮತ್ತು ಟ್ರೇಲರ್ ಜೋಡಿಗೆ ಇರುವ ಸಾಮಾನ್ಯ ಮಿತಿಯೇ 18.75 ಮೀಟರ್, ಅಂದರೆ ಇದು ದೊಡ್ಡ ಲಾರಿಗಿಂತಲೂ ಉದ್ದ. ಅದಕ್ಕಿಂತ ಮುಖ್ಯ, ಕಂಬೈನ್ ತಿರುಗುವುದು ಹಿಂದಿನ ಚಕ್ರದಿಂದ. ಎಡಕ್ಕೆ ತಿರುಗಿಸಿದರೆ ಬಾಲ ಮೊದಲು ಬಲಕ್ಕೆ ಬೀಸುತ್ತದೆ. ಟ್ರೇಲರ್ ಕೊಕ್ಕೆ ಇರುವುದು ಆ ಬಾಲದ ತುದಿಯಲ್ಲೇ. ಅಂದರೆ ಟ್ರೇಲರ್ ಮೂತಿ ತಿರುವಿನ ಹೊರಗಡೆಗೆ ಸರಿದು ಆಮೇಲೆ ಹಿಂಬಾಲಿಸುತ್ತದೆ. ಕಾರು, ಟ್ರ್ಯಾಕ್ಟರ್ ಓಡಿಸಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ರಿವರ್ಸ್ ಬಗ್ಗೆ ಹೇಳುವುದೇ ಬೇಡ, ಕಿರಿದಾದ ದಾರಿಯಲ್ಲಿ ಎದುರಿಗೆ ಗಾಡಿ ಬಂದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಾಲ್ಕೂ ಚಕ್ರ ಎಡಬಲಕ್ಕೆ ತಿರುಗುವ ಟ್ರೇಲರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಅದು ಕಂಬೈನ್ ಹೋದ ದಾರಿಯನ್ನು ಸಾಕಷ್ಟು ಸರಿಯಾಗಿ ಹಿಡಿಯುತ್ತದೆ.

ಬಿಚ್ಚಿ ಹಾಕುವ ಕೆಲಸ ಈಗ ಮುಂಚಿನಷ್ಟು ಕಷ್ಟ ಅಲ್ಲ. ಹೈಡ್ರಾಲಿಕ್ ಪೈಪು, ವೈರು ಎಲ್ಲ ಒಂದೇ ಲಿವರ್‌ನಲ್ಲಿ ಕೂರುವ ಕಪ್ಲರ್ ಬಂದ ಮೇಲೆ ಉಳಿಯುವುದು ಡ್ರೈವ್ ಶಾಫ್ಟ್ ಮತ್ತು ಲಾಕ್ ಅಷ್ಟೇ. ಆದರೆ ಹೊಲದ ಬಾಯಲ್ಲಿ ಸಮತಟ್ಟಾದ ಜಾಗ ಬೇಕು, ಅಗಲವೂ ಬೇಕು. ಹೊಲಗಳು ಚಿಕ್ಕದಾಗಿ, ಚದುರಿ ಇದ್ದರೆ ಕಟಾವಿಗಿಂತ ಜಾಸ್ತಿ ಹೊತ್ತು ಬಿಚ್ಚಿ ಹಾಕುವುದರಲ್ಲೇ ಕಳೆಯುತ್ತದೆ ಅನ್ನಿಸುತ್ತದೆ. ಮಡಚುವ ಹೆಡರ್ ಬೇಕು ಅನ್ನುವ ಆಸೆ ಹುಟ್ಟುವುದೇ ಅಲ್ಲಿ.

ಮಡಚುವುದರಲ್ಲಿ ಮೆಕ್ಕೆಜೋಳದ ಹೆಡರ್ ಒಂದು ಕಥೆ, ಗೋಧಿ-ಭತ್ತದ ಹೆಡರ್ ಪೂರ್ತಿ ಬೇರೆ ಕಥೆ. ಇವೆರಡನ್ನು ಒಟ್ಟಿಗೆ ಸೇರಿಸಿ 'ಮಡಚುವ ಹೆಡರ್ ಒಳ್ಳೆಯದಾ' ಅಂತ ಕೇಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೆಕ್ಕೆಜೋಳದ್ದು ಸಾಲಿನ ಲೆಕ್ಕ. ಸಾಲಿನ ಅಂತರ 75 ಸೆಂಟಿಮೀಟರ್ ಅಂದುಕೊಂಡರೆ 8 ಸಾಲಿಗೆ 6 ಮೀಟರ್. ನಡುವಿನ 4 ಸಾಲು 3 ಮೀಟರ್, ಎರಡೂ ಕಡೆ ಎರಡೆರಡು ಸಾಲಿನ ರೆಕ್ಕೆ. ಪ್ರತಿ ಸಾಲಿಗೂ ಅದರದೇ ಗೇರ್‌ಬಾಕ್ಸ್, ಅದರದೇ ರೋಲರ್. ಎರಡು ಸಾಲಿನ ನಡುವೆ ಗೆರೆ ಎಳೆದು ಕತ್ತರಿಸಿದರೆ ಯಾವ ಸಾಲಿಗೂ ನೋವಾಗುವುದಿಲ್ಲ. ಆ ಗೆರೆಯನ್ನು ದಾಟುವುದು ಮುಖ್ಯವಾಗಿ ಎರಡು: ಡ್ರೈವ್ ಶಾಫ್ಟ್ ಮತ್ತು ತೆನೆಯನ್ನು ಮಧ್ಯಕ್ಕೆ ತರುವ ಸ್ಕ್ರೂ ಆಕಾರದ ಆಗರ್. ಎರಡಕ್ಕೂ ಹಲ್ಲಿರುವ ಕಪ್ಲಿಂಗ್ ಹಾಕಿದರೆ ರೆಕ್ಕೆ ಎತ್ತಿದಾಗ ಬಿಡುತ್ತದೆ, ಇಳಿಸಿದಾಗ ಕಚ್ಚಿಕೊಳ್ಳುತ್ತದೆ. ಆದರೆ ಹಲ್ಲಿನ ತುದಿಗೆ ತುದಿ ಬಂದು ನಿಂತರೆ ರೆಕ್ಕೆ ಪೂರ್ತಿ ಕೂರುವುದೇ ಇಲ್ಲ. ಹಾಗಾಗಿ ಒಂದು ಕಡೆಯ ಹಲ್ಲಿನ ಭಾಗ ಸ್ಪ್ರಿಂಗ್ ಮೇಲೆ ಹಿಂದೆ ಸರಿಯುವಂತಿರಬೇಕು, ನಿಧಾನಕ್ಕೆ ಒಂದು ಸುತ್ತು ತಿರುಗಿಸಿದಾಗ ತಾನೇ ಕೂರಬೇಕು. ಸ್ಪ್ರಿಂಗ್ ಇದ್ದ ಕಪ್ಲಿಂಗನ್ನೂ ಇಲ್ಲದ್ದನ್ನೂ ಹಾಕಿ ನೋಡಿದ್ದೇವೆ, ಇದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ.

ಮೇವಿಗೆ ಕತ್ತರಿಸುವ ದೊಡ್ಡ ಮೆಕ್ಕೆಜೋಳದ ಹೆಡರ್‌ಗಳು ಇನ್ನೂ ಸಲೀಸು. ಸುತ್ತುವ ಡ್ರಮ್‌ಗಳು ಪಕ್ಕಪಕ್ಕ ಇರುತ್ತವೆ, ಡ್ರಮ್ ಮತ್ತು ಡ್ರಮ್ ನಡುವೆಯೇ ಮಡಚುವ ಗೆರೆ ಸಿಗುತ್ತದೆ. ಕ್ಲಾಸ್ ಕಂಪನಿಯ ಆರ್ಬಿಸ್ 750 ಅಂದರೆ 7.5 ಮೀಟರ್, 10 ಸಾಲು. ಅಷ್ಟು ಅಗಲದ್ದೂ ಮಡಚಿಕೊಂಡು ರಸ್ತೆಗೆ ಬರುತ್ತದೆ. ಆ ಸರಣಿಯ ದೊಡ್ಡ ಹೆಡರ್‌ಗಳಿಗೆ ಸಾಗಣೆಗೆಂದೇ ಕೆಳಗೆ ಚಕ್ರ ಜೋಡಿಸುವ ವ್ಯವಸ್ಥೆಯೂ ಇದೆ. ಆ ಚಕ್ರ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಈಗ ಗೋಧಿ-ಭತ್ತದ ಹೆಡರ್. ಇಲ್ಲಿ ಗೆರೆ ಎಲ್ಲೇ ಎಳೆದರೂ ಬ್ಲೇಡ್ ಓಡುವ ಕಟರ್ ಬಾರ್, ಬೆಳೆಯನ್ನು ಬ್ಲೇಡ್ ಕಡೆಗೆ ಬಾಗಿಸುವ ಸುತ್ತುವ ರೀಲ್, ಆಗರ್ ಮೂರೂ ಅದನ್ನು ದಾಟುತ್ತವೆ. ನಿಮಿಷಕ್ಕೆ 1,100-1,200 ಸ್ಟ್ರೋಕ್ ಹೊಡೆಯುವ ಬ್ಲೇಡನ್ನು ಮಧ್ಯೆ ಕೀಲಿನಲ್ಲಿ ಜೋಡಿಸಿ ಬಿಡಿಸುವುದು ಆಗದ ಮಾತು. ಎರಡು ಬ್ಲೇಡ್ ಮಾಡಬೇಕು, ಪ್ರತಿಯೊಂದಕ್ಕೂ ಹೊರತುದಿಯಿಂದ ಡ್ರೈವ್ ಕೊಡಬೇಕು. ಇದರಿಂದ ಒಂದು ಲಾಭವೂ ಇದೆ: ಎರಡು ಬ್ಲೇಡ್ ಒಂದಕ್ಕೊಂದು ಎದುರಾಗಿ ಓಡುವಂತೆ ಹೊಂದಿಸಿದರೆ ನಡುಕ ತುಂಬಾ ಕಡಿಮೆಯಾಗುತ್ತದೆ. ಆದರೆ ಎರಡು ಬ್ಲೇಡ್ ಸೇರುವ ಜಾಗದಲ್ಲಿ ಕತ್ತರಿಸದ ಒಂದು ಪಟ್ಟಿ ಉಳಿಯದ ಹಾಗೆ ನೋಡಿಕೊಳ್ಳಬೇಕು. ಹಸಿರು ಕಾಂಡದ ಬೆಳೆಯಲ್ಲಿ ಆ ಜಾಗದಲ್ಲೇ ಹುಲ್ಲು ಸಿಕ್ಕಿಕೊಳ್ಳುತ್ತದೆ. ರೀಲ್ ಎರಡು ತುಂಡಾಗಬೇಕು, ನಡುವೆ ಆಧಾರದ ತೋಳು ಬರಬೇಕು. ಮಡಚುವಾಗ ರೆಕ್ಕೆಯ ರೀಲ್ ನಡುವಿನ ರೀಲ್‌ಗೆ ತಾಗಬಾರದು, ಅಂದರೆ ಮೊದಲು ರೀಲ್ ಸರಿಯಬೇಕು, ಆಮೇಲೆ ರೆಕ್ಕೆ ಏಳಬೇಕು. ಈ ಸರದಿಯನ್ನು ಡ್ರೈವರ್ ನೆನಪಿಗೆ ಬಿಡಬಾರದು, ವಾಲ್ವ್‌ನಲ್ಲೋ ಸೆನ್ಸರ್‌ನಲ್ಲೋ ಕಟ್ಟಿಬಿಡಬೇಕು. ದಣಿದ ಮನುಷ್ಯ ರಾತ್ರಿ ಹೊತ್ತು ಬಟನ್ ಒತ್ತುತ್ತಿರುತ್ತಾನೆ ಅನ್ನುವುದನ್ನು ಮರೆಯಬೇಡಿ.

ಇಷ್ಟೆಲ್ಲ ಇದ್ದರೂ ಇಂಥ ಹೆಡರ್‌ಗಳು ಇವೆ, ಕೆಲಸವನ್ನೂ ಮಾಡುತ್ತವೆ. ಕ್ಲಾಸ್‌ನ ಮಡಚುವ ಸಿ 450, ಸಿ 540 ಇದಕ್ಕೆ ಉದಾಹರಣೆ, ಅಂದರೆ 4.5 ಮತ್ತು 5.4 ಮೀಟರ್. ಈ ಗಾತ್ರ ನನಗೆ ಸರಿ ಅನ್ನಿಸುತ್ತದೆ. ರೆಕ್ಕೆ ಉದ್ದವಾದಷ್ಟೂ ಕೀಲಿನ ಕಷ್ಟ ಬೆಳೆಯುತ್ತದೆ, ಲೆಕ್ಕ ಹಾಕಿ ನೋಡಿ.

ಕೀಲಿನ ಪಿನ್‌ಗೂ ಲಾಕ್‌ಗೂ ನಡುವೆ 300 ಮಿಲಿಮೀಟರ್ ಇದೆ ಅಂದುಕೊಳ್ಳಿ. ಲಾಕ್‌ನಲ್ಲಿ ಅರ್ಧ ಮಿಲಿಮೀಟರ್ ಸವೆದರೆ 1.5 ಮೀಟರ್ ರೆಕ್ಕೆಯ ತುದಿ 2.5 ಮಿಲಿಮೀಟರ್ ಇಳಿಯುತ್ತದೆ. ರೆಕ್ಕೆ 3 ಮೀಟರ್ ಆದರೆ 5 ಮಿಲಿಮೀಟರ್. ಇದು ನಿಂತಿರುವಾಗಿನ ಲೆಕ್ಕ. ಹೊಲದಲ್ಲಿ ಕುಲುಕಾಟ ಸೇರಿದರೆ ಅದೇ ಸಡಿಲ ತನ್ನನ್ನು ತಾನೇ ಹೊಡೆದುಕೊಂಡು ಬೇಗ ದೊಡ್ಡದಾಗುತ್ತದೆ, ರೆಕ್ಕೆ ಹಳೇ ಬಾಗಿಲಿನ ಹಾಗೆ ಜೋತುಬೀಳುತ್ತದೆ. ನೆಲಕ್ಕೆ ತಾಗಿಸಿ ಕೊಯ್ಯಬೇಕಾದ ಸೋಯಾದಂಥ ಬೆಳೆಯಲ್ಲಿ ಇದು ನೇರವಾಗಿ ಕಾಳಿನ ನಷ್ಟ. ಸುಮ್ನೆ ದುಂಡು ಪಿನ್ ತೂರಿಸುವ ಲಾಕ್‌ಗಿಂತ ಬೆಣೆ ಆಕಾರದ ಲಾಕ್ ನಮಗೆ ಎಷ್ಟೋ ಚೆನ್ನಾಗಿ ಬಾಳಿದೆ. ಸವೆದಷ್ಟೂ ಬೆಣೆ ಇನ್ನೂ ಒಳಗೆ ಹೋಗಿ ಬಿಗಿಯಾಗುತ್ತದೆ, ದುಂಡು ಪಿನ್‌ಗೆ ಆ ಗುಣ ಇಲ್ಲ.

ಎತ್ತುವ ಬಲದ ಕಡೆಗೂ ಗಮನ ಕೊಡಿ. ರೆಕ್ಕೆ 300 ಕೆಜಿ, ಅದರ ಭಾರದ ನಡು ಕೀಲಿನಿಂದ 0.75 ಮೀಟರ್ ದೂರ ಅಂದರೆ ಕೀಲಿನ ಮೇಲೆ ಸುಮಾರು 2,200 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. 40 ಮಿಲಿಮೀಟರ್ ಬೋರ್ ಸಿಲಿಂಡರ್ 180 ಬಾರ್‌ನಲ್ಲಿ ತಳ್ಳುವುದು ಸುಮಾರು 22.6 ಕಿಲೋನ್ಯೂಟನ್. ಸಿಲಿಂಡರ್ ತೋಳು (ಕೀಲಿನಿಂದ ಸಿಲಿಂಡರ್ ತಳ್ಳುವ ಗೆರೆಗೆ ಇರುವ ದೂರ) 0.15 ಮೀಟರ್ ಇದ್ದರೆ ಬೇಕಾದ ಬಲ 15 ಕಿಲೋನ್ಯೂಟನ್‌ಗಿಂತ ಕಡಿಮೆ, ಆರಾಮಾಗಿ ಎತ್ತುತ್ತದೆ. ತೋಳು 0.08ಕ್ಕೆ ಇಳಿದರೆ 27 ದಾಟುತ್ತದೆ, ರೆಕ್ಕೆ ಅಲ್ಲಾಡುವುದೇ ಇಲ್ಲ. ರೆಕ್ಕೆ ಅಡ್ಡ ಮಲಗಿರುವಾಗಲೇ ತಿರುಚು ಅತಿ ಜಾಸ್ತಿ, ಸಿಲಿಂಡರ್ ಕೋನ ಅತಿ ಕೆಟ್ಟದಾಗಿರುವುದೂ ಸಾಮಾನ್ಯವಾಗಿ ಆಗಲೇ. ನೆಟ್ಟಗೆ ನಿಂತ ಗೆರೆ ದಾಟಿದ ಮೇಲೆ ಭಾರ ಉಲ್ಟಾ ಆಗಿ ರೆಕ್ಕೆ ತಾನೇ ಒಳಕ್ಕೆ ಬೀಳಲು ನೋಡುತ್ತದೆ. ಎರಡೂ ದಿಕ್ಕಿನಲ್ಲಿ ಹಿಡಿಯುವ ವಾಲ್ವ್ ಸಿಲಿಂಡರ್ ಮೈಮೇಲೆಯೇ ಇರಬೇಕು. ದೂರದಲ್ಲಿಟ್ಟರೆ ಪೈಪ್ ಒಡೆದ ದಿನ ಅದು ಇದ್ದೂ ಇಲ್ಲದ ಹಾಗೆ. ರೆಕ್ಕೆಯ ಕೆಳಗೆ ಯಾರೋ ನಿಂತಿರಬಹುದು ಅಲ್ವಾ.

ಮಡಚಿದ ಮೇಲೆ ರಸ್ತೆಯಲ್ಲಿ ಹೇಗೆ? ರೆಕ್ಕೆ ನೆಟ್ಟಗೆ 90 ಡಿಗ್ರಿಗೆ ನಿಂತರೆ ಎರಡೂ ಪಕ್ಕ ಮರೆಯಾಗುತ್ತದೆ, ಅಡ್ಡರಸ್ತೆ ಸೇರುವಾಗ ಬರುವ ಗಾಡಿ ಕಾಣುವುದಿಲ್ಲ. 180 ಡಿಗ್ರಿ ಮಡಚಿ ನಡುವಿನ ಭಾಗದ ಮೇಲೆ ಮಲಗಿಸಿದರೆ ಪಕ್ಕ ಕಾಣುತ್ತದೆ, ಆದರೆ ಮೂಗಿನ ಮುಂದಿನ ರಸ್ತೆ ಮುಚ್ಚುತ್ತದೆ. ನನಗೆ ಎರಡನೆಯದೇ ವಾಸಿ, ಹೆಡರ್ ಸ್ವಲ್ಪ ತಗ್ಗಿಸಿಕೊಂಡು ಓಡಿಸಬಹುದು, ಮುಂದೆ ಕ್ಯಾಮೆರಾ ಇದ್ದರಂತೂ ನೆಮ್ಮದಿ.

ಇನ್ನು ತೂಕ. ಇಡೀ ಭಾರ ಮುಂದಿನ ಆಕ್ಸಲ್‌ಗಿಂತ ಮುಂದೆ ನೇತಾಡುತ್ತದೆ, ಹಾಗಾಗಿ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಕಂಬೈನ್‌ಗೆ ಸ್ಟೀರಿಂಗ್ ಇರುವುದೇ ಹಿಂದೆ. ಸ್ಟೀರಿಂಗ್ ಆಕ್ಸಲ್ ಮೇಲೆ ತೂಕದ ಕನಿಷ್ಠ ಶೇ 20 ಇರಬೇಕು ಅನ್ನುವುದು ಟ್ರ್ಯಾಕ್ಟರ್‌ಗಳಿಗೆ ಹಲವು ಕಡೆ ಬಳಸುವ ಲೆಕ್ಕ. ಅದನ್ನೇ ಇಲ್ಲಿಗೂ ಹಾಕಿ ನೋಡಿ. ಹಿಂದೆ ತೂಕ ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಆ ತೂಕವನ್ನು ಹೊಲದಲ್ಲೂ ಹೊತ್ತು ತಿರುಗಬೇಕು, ಮಣ್ಣು ಗಟ್ಟಿಯಾಗುತ್ತದೆ. ಆರ್ಬಿಸ್‌ಗೆ ಸಾಗಣೆ ಚಕ್ರ ಕೊಟ್ಟಿರುವುದು ಮುಂದಿನ ಆಕ್ಸಲ್ ಮೇಲಿನ ಈ ಹೊರೆಯನ್ನು ಇಳಿಸುವುದಕ್ಕೇ.

ಮೂರನೆಯ ದಾರಿ, ಹೆಡರ್‌ಗೇ ಚಕ್ರ. ಬೆಲ್ಟ್ ಮೇಲೆ ಬೆಳೆ ಸಾಗಿಸುವ ಅಗಲವಾದ ಡ್ರೇಪರ್ ಹೆಡರ್‌ಗಳಲ್ಲಿ ಇದು ಕಾಣಸಿಗುತ್ತದೆ. ಮ್ಯಾಕ್‌ಡಾನ್‌ನ ಈಸಿಮೂವ್‌ನಲ್ಲಿ ಹೊಲದಲ್ಲಿ ಹೆಡರನ್ನು ಸಮ ಹಿಡಿಯುವ ಚಕ್ರಗಳೇ ಸಾಗಣೆ ಚಕ್ರಗಳೂ ಆಗುತ್ತವೆ. ಬೇರೆ ಟ್ರೇಲರ್ ಹುಡುಕುವ ಕೆಲಸ ಇಲ್ಲ, ಹೆಡರ್ ಎಲ್ಲಿದೆಯೋ ಚಕ್ರವೂ ಅಲ್ಲೇ. ಇಂಥದ್ದನ್ನು ಒಂದು ಹೊಲದಿಂದ ಪಕ್ಕದ ಹೊಲಕ್ಕೆ ಎಳೆಯಲು ಬಹಳ ಚೆನ್ನಾಗಿದೆ. ದೂರದ ದಾರಿಗೆ ಟ್ರೇಲರೇ ಮೇಲು.

ಇದರ ಆಚೆ ತುದಿಯಲ್ಲಿ ನೆಕ್ಸಾಟ್ ಅನ್ನುವ ಅಗಲವಾದ ಕೃಷಿ ವಾಹನ ಇದೆ, ಅದನ್ನು ನಾನು ಓಡಿಸಿಲ್ಲ. ಅಲ್ಲಿ ಹೆಡರ್ ಮಡಚುವ ಬದಲು ವಾಹನದ ಚಕ್ರಗಳೇ 90 ಡಿಗ್ರಿ ತಿರುಗುತ್ತವೆ. ಹೊಲದಲ್ಲಿ ಅಡ್ಡಕ್ಕೆ ನಡೆಯುವ ಯಂತ್ರ ರಸ್ತೆಯಲ್ಲಿ ಉದ್ದಕ್ಕೆ ನಡೆಯುತ್ತದೆ. 14 ಮೀಟರ್ ಹೆಡರ್, ರಸ್ತೆಯಲ್ಲಿ 3.5 ಮೀಟರ್ ಅಗಲ. ಕೀಲನ್ನೇ ತಪ್ಪಿಸುವ ಈ ಯೋಚನೆ ನನಗೆ ಬಹಳ ಹಿಡಿಸಿದೆ.

ಹಾಗಾದರೆ ಯಾವುದು ತೆಗೆದುಕೊಳ್ಳಬೇಕು? ಮೆಕ್ಕೆಜೋಳ 8 ಸಾಲಿನವರೆಗೆ, ಹೊಲಗಳು ಚದುರಿವೆ ಅಂದರೆ ಕಣ್ಣು ಮುಚ್ಚಿ ಮಡಚುವುದೇ. ಗೋಧಿ-ಭತ್ತ, 5-5.5 ಮೀಟರ್ ಒಳಗೆ, ದಿನಕ್ಕೆ ಹಲವು ಸಲ ರಸ್ತೆಗೆ ಇಳಿಯಬೇಕು ಅಂದರೆ ಮಡಚುವುದು ಸರಿ, ಕೀಲಿಗೆ ಗ್ರೀಸ್ ಹಾಕುವ ಶಿಸ್ತು ಇದ್ದರೆ ಮಾತ್ರ. ಅದಕ್ಕಿಂತ ಅಗಲದ ಗೋಧಿ ಹೆಡರ್‌ಗೆ ಟ್ರೇಲರ್. ಸೋಯಾ ಮುಖ್ಯ ಬೆಳೆಯಾದರೂ ಟ್ರೇಲರ್.

ಮಡಚುವ ಹೆಡರ್ ಬಳಸಿದ್ದು ಕೊಳ್ಳುವವರಿಗೆ ಒಂದು ಮಾತು. ಬಣ್ಣ, ಬೆಲ್ಟು ಆಮೇಲೆ ನೋಡಿ. ಮಡಚಿದ ರೆಕ್ಕೆ ಬಿಡಿಸಿ ಲಾಕ್ ಹಾಕಿಸಿ, ಕೆಳಗೆ ಆಧಾರ ಕೊಡಿಸಿ ಎಂಜಿನ್ ಆಫ್ ಮಾಡಿಸಿ. ರೆಕ್ಕೆಯ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಜೊತೆಯವರಿಗೆ ಕೀಲಿನ ಹತ್ತಿರ ಕೈ ತೂರಿಸದೆ ಪಕ್ಕದಿಂದ ನೋಡಲು ಹೇಳಿ. ಬುಶ್‌ನಲ್ಲಿ ಸಡಿಲ ಕಂಡರೆ ಬದಲಾಯಿಸಬಹುದು. ಬುಶ್ ಕೂರುವ ತೂತೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಇಡೀ ಭಾಗ ಬಿಚ್ಚಿ ಬೋರಿಂಗ್ ಮಾಡಿಸಬೇಕು, ಆ ಖರ್ಚು ಸೇರಿಸಿಕೊಂಡೇ ಬೆಲೆ ಮಾತಾಡಿ.