ಎರಡು ಹೆರಿಗೆ, ಎರಡು ಕೋಣೆ

ನನ್ನ ಮೊದಲ ಹೆರಿಗೆ ವಿಜಯಪುರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಿತು; ಮೂರು ವರ್ಷಗಳ ನಂತರ ಎರಡನೆಯದು ತವರಿಗೆ ಹತ್ತಿರದ, ಅದೇ ಜಿಲ್ಲೆಯ ಒಂದು ತಾಲ್ಲೂಕು ಸರಕಾರಿ ಆಸ್ಪತ್ರೆಯಲ್ಲಿ. ಎರಡೂ ನಾರ್ಮಲ್, ಎರಡೂ ಕೂಸುಗಳು ಆರೋಗ್ಯವಾಗಿವೆ. ಆದ್ದರಿಂದ ನಾನಿಲ್ಲಿ ಹೋಲಿಸುವುದು ವೈದ್ಯರ ಕೈಗುಣವನ್ನಲ್ಲ, ಬ್ಯಾನಿ ತಿನ್ನುವ ಹೆಂಗಸನ್ನು ನಡೆಸಿಕೊಂಡ ರೀತಿಯನ್ನು.

ಸ್ವಚ್ಛತೆಯಲ್ಲಿ ಖಾಸಗಿಯದೇ ಮೇಲುಗೈ. ಸರಕಾರಿ ಆಸ್ಪತ್ರೆಯ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಅವ್ವ ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಖರ್ಚಿನ ವಿಷಯಕ್ಕೆ ಹೋಲಿಕೆಯೇ ಇಲ್ಲ: 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಊಟ ಎಲ್ಲವೂ ಉಚಿತ.

ನಿಜವಾದ ವ್ಯತ್ಯಾಸ ಕಂಡದ್ದು ಹೆರಿಗೆ ಕೋಣೆಯೊಳಗೆ. ನರ್ಸಿಂಗ್ ಹೋಮಿನಲ್ಲಿ ಅವ್ವನನ್ನು ಬಾಗಿಲಲ್ಲೇ ತಡೆದರು. ಕೈಗೆ ಸಲೈನ್ ಹಚ್ಚಿ ಅಂಗಾತ ಮಲಗಿಸಿದ ಮೇಲೆ ಮಗ್ಗುಲಾಗಲೂ ಬಿಡಲಿಲ್ಲ, ಗುಟುಕು ನೀರೂ ಕೊಡಲಿಲ್ಲ. ನೋವು ತಾಳದೆ ಕೂಗಿದಾಗ, “ಆವಾಗ ಗೊತ್ತಾಗಲಿಲ್ಲೇನು, ಈಗ್ಯಾಕ ಚೀರತಿ?” ಎಂದು ಒಬ್ಬರು ಗದರಿದರು, ಆ ಮಾತು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಕೂಸು ಬರುವ ದಾರಿ ಅಗಲಿಸಲು ಕತ್ತರಿ ಹಾಕಿದ್ದಾರೆಂದು ನನಗೆ ತಿಳಿದದ್ದು ಹೊಲಿಗೆ ಹಾಕುವಾಗ.

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸ್ಟರ್ ತಾವಾಗಿಯೇ, “ನಿಮ್ಮ ಅವ್ವನ್ನ ಒಳಗ ಕರಕೋರಿ, ಒಬ್ಬರೇ ಬರಲಿ” ಎಂದರು. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಹೀಗೆ ಒಬ್ಬ ಸಂಬಂಧಿಕ ಹೆಂಗಸು ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅನುಮತಿ ನೀಡಿದೆ, ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ 2017ರ ‘ಲಕ್ಷ್ಯ’ ಕಾರ್ಯಕ್ರಮವೂ ಗೌರವದ ಆರೈಕೆಯನ್ನು ಒತ್ತಿ ಹೇಳುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅವ್ವನ ಹೆಗಲು ಹಿಡಿದು ನಡೆದಾಡಿದೆ, ಚಹಾ ಕುಡಿದೆ. ಪ್ರತಿ ಸಲವೂ ಸಿಸ್ಟರ್ ಪರದೆ ಎಳೆದು, “ಈಗ ಕೈ ಹಾಕಿ ನೋಡತೀನಿ ಅಕ್ಕಾ, ಉಸರು ಬಿಡ್ರಿ” ಎಂದು ಹೇಳಿಯೇ ಪರೀಕ್ಷಿಸಿದರು. ಕೂಸು ಹುಟ್ಟಿದ ಕೂಡಲೇ, ಇನ್ನೂ ಹಸಿಯಾಗಿದ್ದ ಅದನ್ನು ಒರೆಸಿ ನನ್ನ ಎದೆಯ ಮೇಲೆ ಮಲಗಿಸಿದರು. ಹೊಕ್ಕುಳಬಳ್ಳಿಯ ಮಿಡಿತ ನಿಂತ ಮೇಲೆ ಕತ್ತರಿಸಿದರು. ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ ಮೊದಲ ಮಗನನ್ನು ನಾನು ನೋಡಿದ್ದು ಎರಡು ತಾಸಿನ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಕೇಳುವುದೂ ಇದನ್ನೇ: ಜೊತೆಗೊಬ್ಬರು, ಓಡಾಟಕ್ಕೆ ಅವಕಾಶ, ಆರೋಗ್ಯವಂತ ಕೂಸಿಗೆ ಮೊದಲ ಒಂದು ತಾಸು ತಾಯಿಯ ಮೈಬಿಸಿ, ಎಲ್ಲರಿಗೂ ರೂಢಿಯಂತೆ ಕತ್ತರಿ ಹಾಕದಿರುವುದು. ಇದಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ.

ಡ್ಯೂಟಿ ಬದಲಾದ ಮೇಲೆ ಬಂದ ಸಿಸ್ಟರ್ ಅಷ್ಟು ಮೆತ್ತಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಒಳ್ಳೆಯ ಆರೈಕೆ ಅಲ್ಲಿ ಇನ್ನೂ ಆ ದಿನ ಯಾರ ಪಾಳಿ ಎಂಬುದರ ಮೇಲೆ ನಿಂತಿದೆ. ಅಧಿಕ ರಕ್ತದೊತ್ತಡ ಇದ್ದವರು, ಮೊದಲು ಸಿಜೇರಿಯನ್ ಆದವರು ರಕ್ತ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಉಳಿದಂತೆ, ಇನ್ನೊಮ್ಮೆ ಆರಿಸುವುದಾದರೆ ನಾನು ಆ ಚಿಲಕವಿಲ್ಲದ ಆಸ್ಪತ್ರೆಗೇ ಹೋಗುತ್ತೇನೆ.

ತಂಗಿಗೆ ಈಗ ಎಂಟನೆಯ ತಿಂಗಳು. ಅವ್ವನನ್ನು ಒಳಗೆ ಬಿಡುತ್ತೀರಾ, ನಡೆದಾಡಲು ಬಿಡುತ್ತೀರಾ, ಕತ್ತರಿ ಹಾಕುವ ಮುನ್ನ ಹೇಳುತ್ತೀರಾ ಎಂದು ಎರಡೂ ಕಡೆ ಕೇಳಿ ಬಾ ಎಂದು ಅವಳಿಗೆ ಚೀಟಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟಿದ್ದೇನೆ.