ಐಸು ಕೊರೆಯಲು ಕೈಬೈರಿಗೆಯೋ, ಪೆಟ್ರೋಲಿನದೋ, ಡ್ರಿಲ್ಲೋ: ಮೂರನ್ನೂ ಕೊಂಡು ನೋಡಿದವನ ಲೆಕ್ಕ

ಹೋದ ಜನವರಿಯಲ್ಲಿ ಐಸು ಕೊರೆದು ಮೀನು ಹಿಡಿಯಲು ಹೋಗಿ, 130 ಡಾಲರಿನ ಬೈರಿಗೆಯೊಂದನ್ನು ಮಿನ್ನೆಸೋಟದ ಮೆಡಿಸಿನ್ ಲೇಕ್ ಎಂಬ ಕೆರೆಯ ತಳಕ್ಕೆ ಒಪ್ಪಿಸಿ ಬಂದೆ. ಗಂಗಾಪೂಜೆ ಅಂದುಕೊಳ್ಳಿ. ಮಾರನೇ ವಾರವೇ ಅಂಗಡಿಗೆ ಹೋಗಿ 70 ಡಾಲರ್ ಕೊಟ್ಟು 6 ಇಂಚಿನ ಕೈಬೈರಿಗೆ ತಂದೆ. ಈಗ ಅದೇ ನನ್ನ ಕಾರಿನ ಡಿಕ್ಕಿಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಕಾಯಂ ಸವಾರಿ. ಹಾಗಾಗಿ ಈ ಬರಹದಲ್ಲಿ ಯಾರು ಗೆಲ್ಲುತ್ತಾರೆಂದು ಕೊನೆಯವರೆಗೆ ಕಾಯಬೇಕಿಲ್ಲ. ಕೈಬೈರಿಗೆಯೇ. ಆದರೆ ಎಲ್ಲರಿಗೂ ಅಲ್ಲ.

ಇಲ್ಲಿ ಮಿನ್ನೆಸೋಟದವರು ಆಗರ್ ಅನ್ನುವುದಕ್ಕೆ ನಾನು ಬೈರಿಗೆ ಅನ್ನುತ್ತೇನೆ. ಕುಂದಾಪುರದ ನಮ್ಮ ಮನೆಗೆ ಬಾಗಿಲು ಮಾಡಿದ ಆಚಾರಿಗಳು ಮರಕ್ಕೆ ತೂತು ಹಾಕಿದ್ದು ಬೈರಿಗೆಯಲ್ಲೇ. ಕೆಲಸ ಅದೇ, ಮರದ ಬದಲು ಹೆಪ್ಪುಗಟ್ಟಿದ ಕೆರೆ. ತೂತು ಕೊರೆದು, ಮೇಲೆ ಬಂದ ಚೂರನ್ನೆಲ್ಲ ಬೋಂಡ ಎತ್ತುವ ಜಾಲರಿ ಸೌಟಿನಂಥದ್ದರಲ್ಲಿ ಎತ್ತಿ ಚೆಲ್ಲಿ, ಮೊಳದುದ್ದದ ಗಾಳದ ಕೋಲಿನಿಂದ ದಾರ ಇಳಿಬಿಟ್ಟು ಬಕೆಟ್ ಮಗುಚಿ ಅದರ ಮೇಲೆ ಕೂರುವುದು. ಅಷ್ಟೇ ಐಸ್ ಫಿಶಿಂಗ್.

ನನ್ನ ಅಭ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ, ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಅಪಾರ್ಟ್‌ಮೆಂಟಿನಲ್ಲಿ ವಾಸ, ಇರುವುದು ಚಿಕ್ಕ ಕಾರು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಕತ್ತಲಾಗುವ ಮುಂಚಿನ ಒಂದು ಗಂಟೆ ಮೀನು ಚುರುಕು, ನಾನೂ ಚುರುಕು. ನಾಲ್ಕೋ ಐದೋ ತೂತು ಕೊರೆಯುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ. ಸಿಗುವುದು ಬ್ಲೂಗಿಲ್, ಕ್ರಾಪಿ, ಅಂಗೈಯಗಲದ ಮೀನುಗಳು. ಮನೆಗೆ ತಂದರೆ ಮೆಣಸಿನ ಪುಡಿ, ಹುಳಿ, ರವೆ ಹಚ್ಚಿ ಕಾವಲಿಯ ಮೇಲೆ. ಬಂಗುಡೆ ಬರುವುದಿಲ್ಲ ಬಿಡಿ, ಆದರೆ ಮೈನಸ್ 20ರಲ್ಲಿ ಅದರ ನೆನಪಾದರೂ ಬರುತ್ತದೆ.

ಇಂಥ ಮೀನಿಗೆ 6 ಇಂಚು ಅಗಲದ ತೂತು ಧಾರಾಳ. ಅಂಗಡಿಯಲ್ಲಿ ಎಲ್ಲರೂ 8 ಇಂಚು ತೊಗೊಳ್ಳಿ, ಎರಡೇ ಇಂಚು ಜಾಸ್ತಿ ಅನ್ನುತ್ತಾರೆ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಇಲ್ಲಿ ತೋಳಿಗೆ ನಾಟುತ್ತದೆ. ಆರಾರಲೆ 36, ಎಂಟೆಂಟಲೆ 64. ಆ ಎರಡು ಇಂಚಿಗಾಗಿ ಮುಕ್ಕಾಲು ಪಾಲಿಗಿಂತ ಹೆಚ್ಚು ಐಸನ್ನು ಹೆಚ್ಚುವರಿಯಾಗಿ ಕೊರೆಯಬೇಕು. 10 ಇಂಚಾದರೆ 100, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಕೈಯಲ್ಲಿ ತಿರುಗಿಸುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ನಾನು ಮೊದಲು ಕೊಂಡದ್ದು ಪೆಟ್ರೋಲಿನದು. ಟೂ ಸ್ಟ್ರೋಕ್, 10 ಇಂಚು, ಸೆಕೆಂಡ್ ಹ್ಯಾಂಡ್, 80 ಡಾಲರ್. ಮಾರಿದ ಅಜ್ಜ ದಾರ ಎಳೆದು ಚಾಲೂ ಮಾಡಿ ತೋರಿಸಿದಾಗ ಎದ್ದ ನೀಲಿ ಹೊಗೆಯ ವಾಸನೆಗೇ ನಾನು ಬಿದ್ದೆ. ಮಾವನ ಬಳಿ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು, ಅದೇ ವಾಸನೆ. ಮನೆಗೆ ತಂದ ಮೇಲೆ ಆ ವಾಸನೆ ಅಷ್ಟು ರುಚಿಸಲಿಲ್ಲ. ಎಷ್ಟು ಬಿಗಿದರೂ ಟ್ಯಾಂಕಿನ ಮುಚ್ಚಳದಿಂದ ಹನಿ ಜಿನುಗಿ ಡಿಕ್ಕಿಯ ಕಾರ್ಪೆಟ್ಟು ಕುಡಿಯಿತು. ಮೇಪಲ್ ಗ್ರೋವ್ ದೇವಸ್ಥಾನಕ್ಕೆ ಹೊರಟರೆ ಹೆಂಡತಿ ಕಿಟಕಿ ಇಳಿಸಿ, "ದೇವಸ್ಥಾನಕ್ಕೆ ಹೋಪುದಾ, ಪೆಟ್ರೋಲ್ ಬಂಕಿಗಾ ಮಾರಾಯ್ರೆ?" ಹೊರಗೆ ಮೈನಸ್ 15. ಬೇಸಿಗೆಯಲ್ಲಿ ಟ್ಯಾಂಕು ಖಾಲಿ ಮಾಡದೆ ಬಿಟ್ಟೆ, ಎಥೆನಾಲ್ ಬೆರೆತ ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟಾಗಿ ಕೂತಿತು. ಮರುವರ್ಷ ದಾರ ಎಳೆದು ಎಳೆದು ಭುಜ ಬಿತ್ತು, ಎಂಜಿನ್ ಏಳಲಿಲ್ಲ. ಕಾರಣ ಗೊತ್ತಾಗಿ ಎಥೆನಾಲ್ ಇಲ್ಲದ ಪೆಟ್ರೋಲನ್ನು ಹುಡುಕುವ ಹೊತ್ತಿಗೆ ನನಗೆ ಆಸೆಯೇ ಬತ್ತಿತ್ತು. ಸ್ವಂತ ಗ್ಯಾರೇಜು, ಪಿಕಪ್ ಟ್ರಕ್ಕು ಇರುವವರಿಗೆ ಇದು ಬೇರೆ ಕಥೆ.

ಈಗ ಡ್ರಿಲ್ಲಿನ ಕಥೆ.

ಇತ್ತೀಚೆಗೆ ಎಲ್ಲರ ಬಾಯಲ್ಲೂ ಇದೇ. ಮನೆಗೆಲಸದ ಬ್ಯಾಟರಿ ಡ್ರಿಲ್ಲಿಗೆ ಐಸು ಕೊರೆಯುವ ಬೈರಿಗೆ ಸಿಕ್ಕಿಸಿಕೊಂಡರೆ ಆಯಿತು, ಬೇರೆ ಮೋಟಾರು ಬೇಡ. ಡ್ರಿಲ್ಲು ನನ್ನ ಬಳಿ ಇತ್ತು. ಬೈರಿಗೆ ಮಾತ್ರ ತಂದೆ. ಅಲ್ಯೂಮಿನಿಯಂ ಮೈ, ತುದಿಯಲ್ಲಿ ಎರಡು ಉಕ್ಕಿನ ಅಲಗು. ಎತ್ತಿದರೆ ಪೊರಕೆಯಷ್ಟು ಹಗುರ. ಮೊದಲ ಸಂಜೆ 10 ಇಂಚಿನ ಐಸಿಗೆ ಇಟ್ಟು ಗುಂಡಿ ಒತ್ತಿದೆ, ಉಸಿರು ಬಿಡುವುದರೊಳಗೆ ನೀರು ಕಂಡಿತು. ನಗು ಬಂತು ನನಗೆ. ಇಷ್ಟು ವರ್ಷ ಏನು ಮಾಡುತ್ತಿದ್ದೆ ಅನ್ನಿಸಿತು.

ತಾಪತ್ರಯ ಇರುವುದು ಚಕ್ಕಿನಲ್ಲಿ, ಅಂದರೆ ಡ್ರಿಲ್ಲಿನ ಬಾಯಲ್ಲಿ. ಡ್ರಿಲ್ಲು ಬೈರಿಗೆಯನ್ನು ಹಿಡಿದಿರುವುದು ಮೂರು ಸಣ್ಣ ದವಡೆಗಳಿಂದ. ಕೈಯಲ್ಲಿ ತಿರುಗಿಸಿ ಬಿಗಿ ಮಾಡಬೇಕು. ದಪ್ಪ ಕೈಗವಸು ಹಾಕಿಕೊಂಡು ಬಿಗಿದರೆ ಬಿಗಿಯಾಯಿತೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ. ಕೈಗವಸು ತೆಗೆದರೆ ಬೆರಳೇ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಮುಂದಕ್ಕೆ ಕೊರೆಯುವಾಗ ಏನೂ ಆಗದು. ತೂತಿನಲ್ಲಿ ಐಸಿನ ಚೂರು ತುಂಬಿಕೊಂಡು ಬೈರಿಗೆ ಸಿಕ್ಕಿಕೊಂಡಾಗ ಬಿಡಿಸಲು ಹಿಂದಕ್ಕೆ ತಿರುಗಿಸುತ್ತೇವೆ ನೋಡಿ, ಆಗ ಚಕ್ಕಿನ ಹಿಡಿತ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಹತ್ತು ಸಲ ಮಾಡಿದರೂ ಗೊತ್ತಾಗುವುದಿಲ್ಲ. ಹನ್ನೊಂದನೇ ಸಲ ಗೊತ್ತಾಗುತ್ತದೆ.

ಆ ದಿನ ಐಸು 14 ಇಂಚಿತ್ತು, ಅದು ಮೂರನೇ ತೂತು. ತಳ ಒಡೆದು ನೀರು ಉಕ್ಕಿತು. ಮೇಲೆತ್ತಲು ಹೋದೆ, ಬರಲಿಲ್ಲ. ಹಿಂದಕ್ಕೆ ತಿರುಗಿಸುವ ಗುಂಡಿ ಒತ್ತಿದೆ. ಟಕ್ ಅಂತ ಸಣ್ಣ ಸದ್ದು. ಕೈ ಒಮ್ಮೆಲೇ ಹಗುರವಾಯಿತು. ಕೆಳಗೆ ನೋಡಿದರೆ ಬಿಳಿ ಕೆಸರಿನ ನಡುವೆ ಬೈರಿಗೆಯ ತುದಿ ಹೆಬ್ಬೆರಳಿನಷ್ಟು ಕಾಣುತ್ತಿದೆ. ಬಗ್ಗಿ ಹಿಡಿಯಬೇಕು ಅಂದುಕೊಳ್ಳುವಷ್ಟರಲ್ಲಿ ಯಾವ ಅವಸರವೂ ಇಲ್ಲದೆ ಇಳಿದುಹೋಯಿತು. ಪಕ್ಕದ ಬಕೆಟ್ಟಿನ ಮೇಲೆ ಕೂತಿದ್ದ ಬೆಂಗಳೂರಿನ ಗೆಳೆಯ ತಲೆ ಎತ್ತಿ, "ಹೋಯ್ತಾ ಗುರು?" ಅಂದ. "ಹೋಯ್ತು." ಅಲ್ಲಿ ಇಪ್ಪತ್ತು ಅಡಿ ನೀರು.

ಮಾರನೇ ದಿನ ಹಗ್ಗಕ್ಕೆ ಅಯಸ್ಕಾಂತ ಕಟ್ಟಿಕೊಂಡು ಹೋದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ ಅನ್ನುವುದು ಅರ್ಧ ಹಗ್ಗ ಇಳಿಸಿದ ಮೇಲೆ ನೆನಪಾಯಿತು. ಅಲಗಿಗಾದರೂ ತಾಗಲಿ ಎಂದು ಮುಕ್ಕಾಲು ಗಂಟೆ ಆಡಿಸಿದೆ. ಯಾರೋ ಕಳೆದುಕೊಂಡ ಗಾಳವೊಂದು ಬಂತು, ತುಕ್ಕು ಹಿಡಿದದ್ದು.

ಇದಕ್ಕೆ ಮದ್ದಿಲ್ಲವೆಂದಲ್ಲ. ಬೈರಿಗೆಯ ಮೇಲ್ತುದಿಗೆ ತೂತಿಗಿಂತ ಅಗಲವಾದ ಒಂದು ತಟ್ಟೆ ಹಾಕಿದರೆ, ಚಕ್ಕಿನಿಂದ ಕಳಚಿದರೂ ಅದು ಐಸಿನ ಮೇಲೆ ತಡೆದು ನಿಲ್ಲುತ್ತದೆ. ನನ್ನ ಬೈರಿಗೆಯ ಪೆಟ್ಟಿಗೆಯಲ್ಲಿದ್ದ ಕಾಗದದಲ್ಲೂ ತಟ್ಟೆ ಹಾಕಿಯೇ ಬಳಸಿ ಎಂದಿತ್ತು, ಇರುವೆ ಗಾತ್ರದ ಅಕ್ಷರದಲ್ಲಿ. ತಟ್ಟೆ ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ, ಬೇರೆ ಕೊಳ್ಳಬೇಕಂತೆ. ನೀರಿಗೆ ಬೀಳುವ ವಸ್ತುವನ್ನು ಮಾರಿ, ಬೀಳದಂತೆ ತಡೆಯುವ ವಸ್ತುವನ್ನು ಬೇರೆಯಾಗಿ ಮಾರುವ ಆ ಬುದ್ಧಿಗೆ ಏನನ್ನಬೇಕೋ. ನನ್ನ ಗೆಳೆಯ ತನ್ನದಕ್ಕೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಹಾಕಿಕೊಂಡಿದ್ದಾನೆ. ಖರ್ಚು ಮೂರು ಡಾಲರ್. ಡ್ರಿಲ್ಲೇ ಬೇಕೆನ್ನುವವರು ಮೊದಲು ಮಣೆ ಕೊಳ್ಳಿ, ಆಮೇಲೆ ಬೈರಿಗೆ.

ಇನ್ನೊಂದು, ಮಣಿಕಟ್ಟು. ಐಸಿನ ತಳ ಒಡೆಯುವ ಕ್ಷಣದಲ್ಲಿ ಅಲಗು ಕಚ್ಚಿಕೊಂಡರೆ ಬೈರಿಗೆ ನಿಂತು ಡ್ರಿಲ್ಲು ತಿರುಗುತ್ತದೆ, ಜೊತೆಗೆ ನಿಮ್ಮ ಕೈಯೂ. ಪಕ್ಕದ ಹಿಡಿ ಹಾಕದೆ ಒಂದೇ ಕೈಯಲ್ಲಿ ಕೊರೆಯಬೇಡಿ.

ಬ್ಯಾಟರಿಯ ಮಾತು ಚಿಕ್ಕದು. ರಾತ್ರಿ ಕಾರಿನಲ್ಲೇ ಬಿಟ್ಟ ಬ್ಯಾಟರಿ ಮರುದಿನ ಎರಡನೇ ತೂತಿಗೇ ಕೈಚೆಲ್ಲಿತು. ಕೋಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟದ್ದು ಹದಿನೈದು ತೂತು ಕೊರೆಯಿತು. ಕೊರೆಯುವ ಹೊತ್ತಿಗೆ ಮಾತ್ರ ಹೊರಗೆ ತೆಗೆಯಬೇಕು, ಮನೆಗೆ ತಂದ ಕೂಡಲೇ ಚಾರ್ಜಿಗೆ ಹಾಕಬಾರದು. ಸೊನ್ನೆಗಿಂತ ಕೆಳಗಿರುವ ಲಿಥಿಯಂ ಬ್ಯಾಟರಿಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಅದರ ಆಯಸ್ಸು ಕಡಿಮೆಯಾಗುತ್ತದೆ.

ಕೈಬೈರಿಗೆಯಲ್ಲಿ ಇದ್ಯಾವುದೂ ಇಲ್ಲ. ನನ್ನದು ಸ್ವೀಡನ್ನಿನ ಮೋರಾ ಎಂಬ ಊರಿನ ಹೆಸರಿನದು. ಅದೇ ಹೆಸರು ಹೊತ್ತ ಒಂದು ಮೋರಾ ಮಿನ್ನೆಸೋಟದಲ್ಲೂ ಇದೆ, ಇಲ್ಲಿನ ಆ ಊರಲ್ಲಿ ದೊಡ್ಡದೊಂದು ಬಣ್ಣದ ಕುದುರೆಯ ಪ್ರತಿಮೆ. ಎಡಗೈ ಮೇಲಿನ ಗುಬುಟಿನ ಮೇಲೆ, ಬಲಗೈ ನಡುವಿನ ಹಿಡಿಗೆ, ಹಿಟ್ಟಿನ ಬೀಸುಕಲ್ಲಿನ ಹಾಗೆ ಒಂದೇ ಲಯದಲ್ಲಿ ತಿರುಗಿಸುವುದು. ಒತ್ತಬಾರದು. ಅಲಗು ಚೂಪಿದ್ದರೆ ತಾನೇ ಇಳಿಯುತ್ತದೆ. ಒತ್ತಬೇಕಾಗಿ ಬಂದರೆ ದೋಷ ತೋಳಿನದಲ್ಲ, ಅಲಗಿನದು. ಮೇಲೆ ಬರುವ ಚೂರನ್ನು ನೋಡಿದರೇ ಹೇಳಬಹುದು. ಈಗಷ್ಟೇ ಹೆರೆದ ಕಾಯಿತುರಿಯ ಹಾಗೆ ಉದ್ದುದ್ದ ಎಸಳು ಬಂದರೆ ಅಲಗು ಸರಿಯಿದೆ. ಅಕ್ಕಿಹಿಟ್ಟಿನ ಹಾಗೆ ಪುಡಿ ಬಂದರೆ ಮೊಂಡಾಗಿದೆ.

ನನ್ನದು ಮೊದಲ ತಿಂಗಳೇ ಹಿಟ್ಟು ಬೀಸತೊಡಗಿತು. ದಡದ ಹತ್ತಿರ ಐಸು ತಳಕ್ಕೇ ಅಂಟಿದ್ದಲ್ಲಿ ಕೊರೆದು ಮರಳಿಗೆ ಇಳಿಸಿದ್ದೆ. ಒಂದೇ ಸುತ್ತು, ಅಷ್ಟಕ್ಕೇ ಮುಗಿಯಿತು. ಅಡುಗೆಮನೆಯ ಸಾಣೆಕಲ್ಲಿನಲ್ಲಿ ತಿಕ್ಕಿದೆ. ಅಲಗು ಬಾಗಿದ ಚಮಚದ ಹಾಗಿರುತ್ತದೆ, ಕೋನ ಕೂದಲೆಳೆ ತಪ್ಪಿದರೂ ಐಸಿನ ಮೇಲೆ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಕೊನೆಗೆ 28 ಡಾಲರ್ ಕೊಟ್ಟು ಹೊಸ ಅಲಗು ಹಾಕಿದೆ. ಇನ್ನು, ಒದ್ದೆ ಅಲಗಿನ ಮೇಲೆ ಗಾಳಿಗೆ ಐಸಿನ ಪದರ ಕಟ್ಟಿದಾಗಲೂ ಹೀಗೇ ಜಾರುತ್ತದೆ. ಆಗ ಅದನ್ನು ನೆಲಕ್ಕೆ ಬಡಿಯಬೇಡಿ, ಹಳೆಯ ತೂತಿನ ನೀರಲ್ಲಿ ಅರ್ಧ ನಿಮಿಷ ಅದ್ದಿ. ಕೆರೆಯ ನೀರು ಹೊರಗಿನ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ.

ಬೆವರು ಮಾತ್ರ ನಿಜವಾದ ಶತ್ರು. ಕೋಟು ಹಾಕಿಕೊಂಡೇ ಕೊರೆದು ಬೆವರಿ, ಆಮೇಲೆ ಬಕೆಟ್ಟಿನ ಮೇಲೆ ಕೂತರೆ ಬೆನ್ನು ಹೆಪ್ಪುಗಟ್ಟುತ್ತದೆ. ಮೊದಲು ಕೋಟು ಬಿಚ್ಚಿ, ಆಮೇಲೆ ಕೊರೆಯಿರಿ.

ಡಿಸೆಂಬರಿನ ಮೊದಲ ಐಸಿಗಂತೂ ಇದಕ್ಕೆ ಸಾಟಿಯಿಲ್ಲ. ನಡೆದು ಹೋಗಲು ಗಟ್ಟಿಯಾದ ತಿಳಿ ಐಸು ಕನಿಷ್ಠ 4 ಇಂಚು ಇರಬೇಕೆಂದು ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ, ಬಿಳಿ ಐಸಾದರೆ ಅದರ ಎರಡರಷ್ಟು. ಹಾರೆಯಲ್ಲಿ ಮುಂದೆ ಕುಟ್ಟುತ್ತಾ, ಹತ್ತು ಹೆಜ್ಜೆಗೊಮ್ಮೆ ತೂತು ಕೊರೆದು ದಪ್ಪ ಅಳೆಯುತ್ತಾ ಹೋಗುವ ದಿನಗಳವು. ಆಗ 5 ಇಂಚಿನ ಐಸಿಗೆ ಕೈಬೈರಿಗೆ ಹತ್ತು ಹದಿನೈದು ಸುತ್ತು ಸಾಕು. ಆ ಐಸಿನ ಮೇಲೆ ಹದಿನಾಲ್ಕು ಕಿಲೋ ಪೆಟ್ರೋಲ್ ಎಂಜಿನ್ ಹೊತ್ತು ನಡೆಯಲು ನನಗಂತೂ ಧೈರ್ಯವಿಲ್ಲ.

ಸೋತದ್ದನ್ನೂ ಹೇಳಬೇಕಲ್ಲ. ಫೆಬ್ರವರಿಯಲ್ಲಿ ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಕೆರೆಗೆ ಹೋಗಿದ್ದೆವು, ವಾಲೈ ಮೀನಿನ ಆಸೆಗೆ. ಐಸು 26 ಇಂಚು. ಮೊದಲ ತೂತು ಹುರುಪಿನಲ್ಲಿ ಆಯಿತು, ಎರಡನೆಯದು ಹಟದಲ್ಲಿ. ಮೂರನೆಯದರ ಅರ್ಧಕ್ಕೆ ನಿಲ್ಲಿಸಿ ಮೊಣಕಾಲ ಮೇಲೆ ಕೈ ಊರಿ ನಿಂತೆ. ಅಲ್ಲಿನವರು ಮೀನು ಎಲ್ಲಿದೆಯೋ ಅಲ್ಲಿಗೇ ಹೋಗುತ್ತಾರೆ, ಒಂದು ಮಧ್ಯಾಹ್ನಕ್ಕೆ ನಲವತ್ತು ತೂತು, ಪ್ರತಿಯೊಂದಕ್ಕೂ ನೀರಿನಡಿಯ ಮೀನು ತೋರಿಸುವ ಸೋನಾರ್ ಇಳಿಸಿ ನೋಡಿ ಮುಂದಕ್ಕೆ. ಹಾಗೆ ಮೀನು ಹಿಡಿಯುವವರು ಈ ಬರಹ ಬದಿಗಿಟ್ಟು, ಮೋಟಾರು, ಲಿಥಿಯಂ ಬ್ಯಾಟರಿ ಸೇರಿಯೇ ಬರುವ 8 ಇಂಚಿನ ಬೈರಿಗೆಯನ್ನೇ ಇಡಿಯಾಗಿ ಕೊಳ್ಳಿ. ಡ್ರಿಲ್ಲು, ಚಕ್ಕು ಯಾವ ಗೋಜೂ ಇಲ್ಲ, ಬೆಲೆ ಮಾತ್ರ 500 ಡಾಲರಿನ ಆಸುಪಾಸು. ಹೆಪ್ಪುಗಟ್ಟಿದ ಹಳೆ ತೂತನ್ನು ಮತ್ತೆ ತೆರೆಯುವುದಕ್ಕೂ ಕೈಬೈರಿಗೆ ಆಗಿಬರುವುದಿಲ್ಲ. ಅಂಚಿಗೆ ಸಿಕ್ಕಿ ಅಲಗು ಕುಣಿಯುತ್ತದೆ. ಅದಕ್ಕೆ ಹಾರೆಯೇ ಬೇಕು.

ನಾನು ಚಳಿಗಾಲಕ್ಕೆ ಹೆಚ್ಚೆಂದರೆ ಹದಿನೈದು ಸಂಜೆ ಹೋಗುವವನು. ಐನೂರನ್ನು ಹದಿನೈದಕ್ಕೆ ಭಾಗಿಸಿದರೆ ಮೊದಲ ವರ್ಷ ಸಂಜೆಗೆ 33 ಡಾಲರ್. ಅಷ್ಟಕ್ಕೆ ಇಂಡಿಯನ್ ಅಂಗಡಿಯಲ್ಲಿ ಫ್ರೀಜರಿನ ಬಂಗುಡೆ ವಾರಕ್ಕಾಗುವಷ್ಟು ಬರುತ್ತದೆ ಎಂದು ಮನೆಯಲ್ಲಿ ಆಗಲೇ ಲೆಕ್ಕ ಹೇಳಿಯಾಗಿದೆ.

ಬೆಂಗಳೂರಿನ ಗೆಳೆಯ ಈ ನವೆಂಬರಿನಲ್ಲಿ ಆ ಲಿಥಿಯಂ ಬೈರಿಗೆ ಕೊಂಡಿದ್ದಾನೆ. ತರಕಾರಿ ಮಣೆ ಈಗ ಅವನಿಗೆ ಬೇಡವಂತೆ, ನನಗೆ ಕೊಡಲು ಬಂದ. ಬೇಡ ಅಂದೆ. ಜನವರಿ ದಾಟಿ ಐಸು ಇಪ್ಪತ್ತು ಇಂಚಾದ ಮೇಲೆ ಅವನು ಮುಂದೆ ಮುಂದೆ ಕೊರೆಯುತ್ತಾ ಹೋಗುತ್ತಾನೆ. ಮೀನು ಸಿಗದೆ ಅವನು ಬಿಟ್ಟ ತೂತಿನ ಪಕ್ಕ ನಾನು ಬಕೆಟ್ ಮಗುಚಿ ಕೂರುತ್ತೇನೆ. ಬಾಡಿಗೆಯಾಗಿ ಎರಡು ರವಾ ಫ್ರೈ ಎಂದು ಮಾತಾಗಿದೆ. ಹೋದ ಶನಿವಾರ ಅವನು ಬೇಡವೆಂದು ಬಿಟ್ಟುಹೋದ ತೂತಿನಲ್ಲಿ ನನಗೆ ಏಳು ಬ್ಲೂಗಿಲ್ ಬಂದವು, ಅವನಿಗೆ ಇನ್ನೂ ಹೇಳಿಲ್ಲ.